ಫಿಯಟ್ಟಿನಲ್ಲಿ ಎಂಟು ಮಂದಿ

ಮನೆಗೆ ಬಂದುಹೋದ ಕಾರುಗಳ ಮಾತು ಬಂದರೆ ಬಹಳಷ್ಟು ಮಂದಿ ಮೈಲೇಜು, ಬಣ್ಣ, ಕೊಟ್ಟ ದುಡ್ಡು ಹೇಳುತ್ತಾರೆ. ನನಗೆ ಮೊದಲು ನೆನಪಾಗುವುದು ಅವುಗಳಲ್ಲಿ ಕೂತವರು. ಯಾರ ಮಡಿಲಲ್ಲಿ ಯಾವ ಮಗು, ಬುತ್ತಿ ಯಾರ ಕೈಯಲ್ಲಿ, ಕಿಟಕಿ ಪಕ್ಕಕ್ಕೆ ಯಾರು ಜಗಳ ತೆಗೆದರು. ಆ ಲೆಕ್ಕ ಹಿಡಿದು ನೋಡಿದರೆ ಬೆಂಗಳೂರಿನ ಕೃಷ್ಣರಾಜಪುರದ ನಮ್ಮ ಬೀದಿಯಲ್ಲಿ ಇಷ್ಟು ವರ್ಷಗಳಲ್ಲಿ ಕಾರುಗಳು ಒಂದಕ್ಕಿಂತ ಒಂದು ಚೆನ್ನಾಗಿ ಬಂದವು, ಅವುಗಳಲ್ಲಿ ಕೂರುವವರು ಮಾತ್ರ ಕಡಿಮೆಯಾಗುತ್ತ ಬಂದರು.

ನಮ್ಮ ಮನೆಯವರು ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿದ್ದರು. 1948ರಲ್ಲಿ ಶುರುವಾದ ಆ ಕಾರ್ಖಾನೆಯಿಂದಲೇ ದೂರವಾಣಿನಗರ ಅನ್ನುವ ಊರು ಹುಟ್ಟಿದ್ದು. ದೇಶದ ಎಷ್ಟೋ ಆಫೀಸುಗಳ ಮೇಜಿನ ಮೇಲಿದ್ದ ಡಯಲ್ ತಿರುಗಿಸುವ ಫೋನುಗಳು ಇಲ್ಲಿ ತಯಾರಾದವು. ಆಗ ಕಾರು ಅಂದರೆ ಒಂದೋ ಅಂಬಾಸಿಡರ್, ಇಲ್ಲಾ ಫಿಯಟ್. ಹೊಸದಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ನಮಗೆ ಬಂದದ್ದು ಸೆಕೆಂಡ್ ಹ್ಯಾಂಡ್, ಹಳೇ ಎಂವೈ ನಂಬರಿನ ಫಿಯಟ್. ಮುಂಬೈನ ಕುರ್ಲಾದಲ್ಲಿ ಅದನ್ನು ತಯಾರಿಸುತ್ತಿದ್ದ ಪ್ರೀಮಿಯರ್ ಕಂಪನಿ ಆಮೇಲೆ ಪದ್ಮಿನಿ ಅಂತ ಚೆಂದದ ಹೆಸರಿಟ್ಟಿತಾದರೂ ಜನರ ಬಾಯಲ್ಲಿ ಅದು ಕೊನೆಯವರೆಗೂ ಫಿಯಟ್ಟೇ.

ಅದರ ಗೇರು ಸ್ಟಿಯರಿಂಗ್ ಪಕ್ಕದಲ್ಲಿತ್ತು. ಮುಂದಿನ ಸೀಟು ಈ ಬಾಗಿಲಿನಿಂದ ಆ ಬಾಗಿಲಿಗೆ ಒಂದೇ ಬೆಂಚು. ನಡುವೆ ಗೇರಿನ ಅಡ್ಡಿ ಇಲ್ಲದ್ದರಿಂದ ಮುಂದೆ ಮೂವರು, ಹಿಂದೆ ನಾಲ್ವರು, ಯಾರದಾದರೂ ತೊಡೆಯ ಮೇಲೊಂದು ಮಗು. ಎಂಜಿನ್ನು 1089 ಸಿಸಿ. ಅಷ್ಟರಲ್ಲೇ ಎಂಟು ಮಂದಿಯನ್ನೂ ತಿಂಡಿ ಡಬ್ಬಗಳನ್ನೂ ಹೊತ್ತು ಹಳೇ ಮದರಾಸು ರಸ್ತೆಯಲ್ಲಿ ಮುಳಬಾಗಿಲಿನತ್ತ, ಕುರುಡುಮಲೆ ಗಣಪನ ದರ್ಶನಕ್ಕೆ ಹೊರಡುತ್ತಿತ್ತು.

ಹೊಸಕೋಟೆ ದಾಟಿ, ನರಸಾಪುರದ ಹತ್ತಿರ ಬರುವಷ್ಟರಲ್ಲಿ ಬೇಸಿಗೆಯ ಬಿಸಿಲೇರಿದ್ದರೆ ಎಂಜಿನ್ನು ಎರಡು ಸಲ ಮುಗ್ಗರಿಸಿ ನಿಲ್ಲುತ್ತಿತ್ತು. ಅದರ ಪೆಟ್ರೋಲ್ ಪಂಪನ್ನು ಎಂಜಿನ್ನಿನ ಮೈಗೇ ಬೋಲ್ಟು ಹಾಕಿ ಕೂರಿಸಿರುತ್ತಿದ್ದರು. ಎಂಜಿನ್ ಕಾದಾಗ ಪಂಪೂ ಕಾದು, ಒಳಗಿನ ಪೆಟ್ರೋಲು ಆವಿಯಾಗುತ್ತಿತ್ತು. ಆವಿಯನ್ನು ಎಳೆಯುವ ಶಕ್ತಿ ಆ ಪಂಪಿಗಿಲ್ಲ. ಕಾರ್ಬುರೇಟರಿಗೆ ಪೆಟ್ರೋಲು ಹೋಗುವುದಿಲ್ಲ. ಎಲ್ಲರೂ ಇಳಿಯಬೇಕು. ಮನೆಯವರು ಬಾನೆಟ್ ಎತ್ತುವ ಹೊತ್ತಿಗೆ ಹುಡುಗರು ಯಾರದೋ ಹೊಲದ ಪಂಪ್‌ಸೆಟ್ಟಿನಿಂದ ಚೊಂಬಲ್ಲಿ ನೀರು ತರುತ್ತಿದ್ದರು. ಹಳೇ ಸೀರೆಯ ತುಂಡು ನೆನೆಸಿ ಪಂಪಿನ ಸುತ್ತ ಸುತ್ತುವುದು ನಮ್ಮತ್ತೆಯ ಕೆಲಸ. ಆ ತುಂಡು ಡಿಕ್ಕಿಯಲ್ಲಿ ಜಾಕಿನ ಪಕ್ಕ ಯಾವಾಗಲೂ ಇರುತ್ತಿತ್ತು. ಬಟ್ಟೆಯಿಂದ ಆವಿ ಏಳುವುದು ನಿಂತಿತೆಂದರೆ ಪಂಪು ತಣ್ಣಗಾಯಿತೆಂದು ಅರ್ಥ. ಅಲ್ಲಿಯವರೆಗೆ ಹುಣಸೆಮರದ ನೆರಳಲ್ಲಿ ಪುಳಿಯೋಗರೆ. ಕಾರು ಕೆಟ್ಟಿತೆಂದು ಯಾರೂ ಮುಖ ಗಂಟು ಹಾಕಿದ್ದು ನೆನಪಿಲ್ಲ. ಒಬ್ಬೊಬ್ಬರಿಗೂ ಮಾಡಲೊಂದು ಕೆಲಸವಿತ್ತು, ಕಾರಿನ ಜೀವ ಎಲ್ಲಿದೆ ಅನ್ನುವುದು ಮನೆಮಂದಿಗೆಲ್ಲ ಗೊತ್ತಿತ್ತು.

ಅದು ಬೀದಿಗೂ ಸೇರಿದ ಕಾರು. ರಾತ್ರಿ ಬಾಗಿಲು ಬಡಿದರೆ ಯಾರಿಗೋ ನೋವು ಕಾಣಿಸಿಕೊಂಡಿದೆ ಅಂತಲೇ. ಚೋಕ್ ಎಳೆದರೂ ಹತ್ತದಿದ್ದರೆ ತಳ್ಳಲು ನಾಲ್ಕು ಮನೆಯವರು ಬರುತ್ತಿದ್ದರು. ಶಿವಾಜಿನಗರದ ಘೋಷಾ ಆಸ್ಪತ್ರೆ ಮುಟ್ಟಬೇಕಾದರೆ ಮೊದಲು ರೈಲ್ವೆ ಗೇಟು ದಾಟಬೇಕು. ಗೇಟು ಹಾಕಿದ್ದರೆ ಹಿಂದಿನ ಸೀಟಿನಲ್ಲಿ ಹೆಂಗಸರು ಬಸುರಿಯ ಬೆನ್ನು ನೀವುತ್ತ ಗೂಡ್ಸ್ ಗಾಡಿಯ ಡಬ್ಬಿಗಳನ್ನು ಎಣಿಸುತ್ತಿದ್ದರು. ಹಾಗೆ ಹುಟ್ಟಿದ ಹುಡುಗನೊಬ್ಬ ಈಗಲೂ ನಮ್ಮ ಬೀದಿಯಲ್ಲಿದ್ದಾನೆ, ಕಂಡಾಗೆಲ್ಲ ಫಿಯಟ್ ಆಂಟಿ ಅನ್ನುತ್ತಾನೆ.

ಮಾರುತಿ 800 ದೇಶಕ್ಕೆ ಬಂದದ್ದು 1983ರ ಡಿಸೆಂಬರಿನಲ್ಲಿ. ನಮ್ಮ ಮನೆಗೆ ಬರುವ ಹೊತ್ತಿಗೆ ಕೆಎ 03 ನಂಬರು ಶುರುವಾಗಿತ್ತು. 796 ಸಿಸಿ, ಮೂರೇ ಸಿಲಿಂಡರು, ಹಗುರ ಮೈ. ಕೀ ತಿರುಗಿಸಿದರೆ ಸಾಕು. ಗುಜರಿಯಲ್ಲಿ ಸ್ಪೇರ್ ಪಾರ್ಟು ಹುಡುಕುತ್ತ ಭಾನುವಾರ ಕಳೆಯುವುದು ತಪ್ಪಿತು. ಅದಕ್ಕಿಂತ ದೊಡ್ಡ ಸಂಗತಿ, ಸ್ಟಿಯರಿಂಗ್ ನನ್ನ ಕೈಗೆ ಬಂತು. ಫಿಯಟ್ಟಿನ ಗೇರು, ಕ್ಲಚ್ಚು ಕೈಕಾಲಿನ ಬಲ ಬೇಡುತ್ತಿದ್ದವು. ಮಾರುತಿ ಹೇಳಿದ ಮಾತು ಕೇಳುತ್ತಿತ್ತು. ನನ್ನ ವಾರಿಗೆಯ ಎಷ್ಟೋ ಹೆಂಗಸರು ಗಂಡನನ್ನೋ ಮಗನನ್ನೋ ಕಾಯದೆ ತಾವೇ ಗಾಡಿ ಹೊರಗೆ ತೆಗೆದದ್ದು ಆ ಪುಟ್ಟ ಕಾರಿನಿಂದ. ಆ ಋಣ ಸಣ್ಣದಲ್ಲ. ಆದರೆ ಹಿಂದೆ ಮೂವರು ಕೂತರೆ ಮೊಣಕಾಲು ಇಡಲು ಜಾಗವಿಲ್ಲ. "ಎಲ್ಲರೂ ಹಿಡಿಸಲ್ಲ" ಅನ್ನುವ ಮಾತು ನಮ್ಮ ಮನೆಯಲ್ಲಿ ಮೊದಲು ಕೇಳಿದ್ದು ಆಗಲೇ. "ನೀವು ಹೋಗಿ ಬನ್ನಿ, ನಾನು ಮನೆ ನೋಡಿಕೊಳ್ತೀನಿ" ಅಂದವರು ನಮ್ಮತ್ತೆ.

ಬೆಂಗಳೂರೂ ತನ್ನದೇ ಕಾರು ಮಾಡಿದ ಊರು. 1980ರ ದಶಕದಲ್ಲಿ ಸಿಪಾನಿಯವರ ಫೈಬರ್ ಮೈಯ ಡಾಲ್ಫಿನ್, 2001ರಲ್ಲಿ ಬೊಮ್ಮಸಂದ್ರದ ಬ್ಯಾಟರಿ ಕಾರು ರೇವಾ. ರೇವಾದಲ್ಲಿ ದೊಡ್ಡವರಿಗೆ ಎರಡೇ ಸೀಟು, ಹಿಂದೆ ಮಕ್ಕಳು ಮಾತ್ರ ಕೂರಬಹುದು. ಅದೇ ಕಾಲಕ್ಕೆ ಐಟಿಪಿಎಲ್ ಟೆಕ್ ಪಾರ್ಕಿನ ಕಡೆಗೆ ಹಗಲೂ ರಾತ್ರಿ ಓಡುತ್ತಿದ್ದ, ಬಿಡದಿಯಲ್ಲಿ ತಯಾರಾದ ಕ್ವಾಲಿಸ್‌ಗಳಲ್ಲಿ ಸೀಟು ಭರ್ತಿ, ಎಲ್ಲ ಬೇರೆ ಬೇರೆ ಊರಿನ ಮಕ್ಕಳು.

ಅತ್ತೆ ಮತ್ತೆ ಕಾರು ಹತ್ತಿದ್ದು ಸ್ಯಾಂಟ್ರೋ ಬಂದ ಮೇಲೆ. 1998ರಲ್ಲಿ ಶ್ರೀಪೆರಂಬುದೂರಿನಿಂದ ಹೊರಬಂದ ಆ ಕಾರಿನ ತಲೆ ಎತ್ತರ, ಸೀಟೂ ಎತ್ತರ. ಮಂಡಿನೋವಿನವರು ಬಗ್ಗದೆ, ಸೀರೆ ಸಿಕ್ಕಿಸಿಕೊಳ್ಳದೆ, ಕುರ್ಚಿಯ ಮೇಲೆ ಕೂತಂತೆ ಕೂರಬಹುದಿತ್ತು. 2003ರಲ್ಲಿ ತೂಗುಸೇತುವೆ ಆಗಿ ರೈಲ್ವೆ ಗೇಟಿನ ಕಾಯುವಿಕೆ ಮುಗಿದಾಗ ಸೇತುವೆಯ ಕೇಬಲ್ಲುಗಳನ್ನು ಕತ್ತು ಹೊರಳಿಸಿ ನೋಡುತ್ತ ಅವರು ಸೋಜಿಗಪಟ್ಟದ್ದು ಕಣ್ಣಿಗೆ ಕಟ್ಟಿದೆ. ಅವರು ಹೋದರು. ಮಗ ಕೆಲಸಕ್ಕೆಂದು ಹೊರದೇಶ ಸೇರಿದ. ಹಿಂದಿನ ಸೀಟಿನಲ್ಲಿ ಸಂತೆಯ ಸೊಪ್ಪು ತರಕಾರಿ ಕೂತವು.

ಬೆಂಗಳೂರಿನಲ್ಲಿ ಮಾರುತಿ 800 ಮಾರಾಟ ನಿಂತ 2010ರಲ್ಲೇ ನಾವು ವ್ಯಾಗನ್ ಆರ್ ಕೊಂಡೆವು, ಕೆಎ 53. ಇದರ ಪೆಟ್ರೋಲ್ ಪಂಪು ಟ್ಯಾಂಕಿನೊಳಗೇ, ಪೆಟ್ರೋಲಿನಲ್ಲೇ ಮುಳುಗಿರುತ್ತದೆ. ಕಾಯುವುದಿಲ್ಲ, ಯಾರನ್ನೂ ಇಳಿಸುವುದಿಲ್ಲ. ಟಿನ್ ಫ್ಯಾಕ್ಟರಿಯ ಹತ್ತಿರ ಗಾಡಿಗಳು ನಿಂತಾಗ ಅಕ್ಕಪಕ್ಕ ನೋಡುತ್ತೇನೆ. ಐದು ಸೀಟಿನ ಕಾರು, ಏಳು ಸೀಟಿನ ಕಾರು, ಒಳಗೆ ಒಂದೊಂದೇ ತಲೆ. ನನ್ನ ಕಾರಿನಲ್ಲೂ ನಾನೊಬ್ಬಳೇ. ಟ್ರಾಫಿಕ್ಕಿಗೆ ರಸ್ತೆಯ ಅಗಲ, ಮೇಲ್ಸೇತುವೆ ಅಂತೆಲ್ಲ ಲೆಕ್ಕ ಹಾಕುತ್ತಾರೆ. ಖಾಲಿ ಸೀಟುಗಳ ಲೆಕ್ಕವನ್ನೂ ಯಾರಾದರೂ ಹಾಕಬೇಕು. 2023ರಲ್ಲಿ ನೇರಳೆ ಮೆಟ್ರೊ ಇಲ್ಲಿಗೆ ಬಂದಾಗಿನಿಂದ ಹಗಲಿನ ಓಡಾಟವೆಲ್ಲ ನನಗೆ ಅದರಲ್ಲೇ. ಭುಜಕ್ಕೆ ಭುಜ ತಾಗಿಸಿ ನಿಲ್ಲುವುದು ನನಗೆ ಹಿತವೇ.

ಕಾರಿಗೀಗ ಹದಿನೈದು ವರ್ಷ. ಮಾರಿಬಿಡಮ್ಮ ಅನ್ನುತ್ತಾನೆ ಮಗ. ನಮ್ಮ ಬೀದಿಯಲ್ಲಿ ಈಗ ಎಲ್ಲರಿಗೂ ಕಾರಿದೆ, ಆದರೆ ಓಡಿಸುವ ಮಕ್ಕಳು ಬೇರೆ ಊರುಗಳಲ್ಲಿದ್ದಾರೆ. ಮೆಟ್ರೊ ನಿಂತ ಮೇಲೆ, ಸರಿರಾತ್ರಿಯಲ್ಲಿ ಎದೆನೋವು ಅಂತ ಫೋನು ಬಂದರೆ ಎದ್ದು ಗಾಡಿ ತೆಗೆಯಬಲ್ಲವರು ನಾನೂ ಇನ್ನೊಬ್ಬರೂ ಅಷ್ಟೇ. ಹಿಂದಿನ ಸೀಟಿನಲ್ಲಿದ್ದ ಸಾಮಾನು ತೆಗೆಸಿ ಖಾಲಿ ಇಟ್ಟಿದ್ದೇನೆ. ಆರ್‌ಸಿ ನವೀಕರಣಕ್ಕೆ ಅರ್ಜಿ ಹಾಕಿದ್ದೇನೆ. ಅದು ಆದರೆ ಇನ್ನೈದು ವರ್ಷ ಸಿಗುತ್ತದೆ.