ಕರಣೆಯಿಲ್ಲದ ಮೃದಂಗ: ಶಬ್ದ ಪಾಠಕ್ಕೊಂದು ಪುಟ್ಟ ಪ್ರೋಗ್ರಾಂ

ನಮ್ಮ ಪಾಠ ಯೋಜನೆಗಳಲ್ಲಿ ಸಿ.ವಿ. ರಾಮನ್ ಎಂದರೆ ಬೆಳಕಿನ ಚದುರುವಿಕೆ, ನೊಬೆಲ್, ಫೆಬ್ರವರಿ 28. ವಾದ್ಯಗಳ ಬಗ್ಗೆ ಅವರಿಗಿದ್ದ ಆಸಕ್ತಿ ‘ಹವ್ಯಾಸ’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ಆದರೆ 1907ರಿಂದ 1917ರವರೆಗೆ ರಾಮನ್ ಹಣಕಾಸು ಇಲಾಖೆಯ ಅಧಿಕಾರಿ. ಕಲ್ಕತ್ತೆಯಲ್ಲಿದ್ದಾಗ ಕಚೇರಿಗೆ ಮುಂಚೆ ಮತ್ತು ಕಚೇರಿ ಬಿಟ್ಟ ಮೇಲೆ ಬೌಬಜಾರ್ ಬೀದಿಯ ಇಂಡಿಯನ್ ಅಸೋಸಿಯೇಷನ್‌ನ ಪ್ರಯೋಗಾಲಯಕ್ಕೆ ಹೋಗುತ್ತಿದ್ದರು. ತಂತಿ, ಪಿಟೀಲುಗಳ ಕಂಪನವನ್ನು ಅಳೆದದ್ದು ಆ ಬಿಡುವಿನಲ್ಲೇ. ಆಗ ಅವರ ಭೌತವಿಜ್ಞಾನವೇ ಹವ್ಯಾಸವಾಗಿತ್ತು.

ಅವರ ಮೃದಂಗದ ಕೆಲಸ ಒಂಬತ್ತನೇ ತರಗತಿಯ ಶಬ್ದದ ಪಾಠಕ್ಕೆ ನೇರವಾಗಿ ಒದಗುತ್ತದೆ. ಬಿಗಿದ ತಂತಿ ಮಿಡಿದಾಗ ಮೂಲ ಆವೃತ್ತಿಯ ಜೊತೆಗೆ ಅದರ 2, 3, 4 ಪಟ್ಟಿನ ಆವೃತ್ತಿಗಳೂ ಹುಟ್ಟುತ್ತವೆ. ಕಿವಿಗೆ ಇವೆಲ್ಲ ಸೇರಿ ಒಂದೇ ಸ್ವರವಾಗಿ ಕೇಳುತ್ತವೆ. ದುಂಡಗೆ ಬಿಗಿದ ಬರಿಯ ಚರ್ಮ ಹಾಗಲ್ಲ. ಅದರ ಆವೃತ್ತಿಗಳು ಮೂಲದ 1.59, 2.14, 2.30, 2.65 ಪಟ್ಟು ಹೀಗೆ ಸಾಗುತ್ತವೆ, ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ಬಲಮುಖದಲ್ಲಿ ಶ್ರುತಿ ಹೇಗೆ ಬಂತು? ಉತ್ತರ ನಡುವಿನ ಕಪ್ಪು ಕರಣೆಯಲ್ಲಿದೆ. ಮೂಲ ಕಂಪನದಲ್ಲಿ ಚರ್ಮದ ನಡುಭಾಗವೇ ಹೆಚ್ಚು ಆಡುತ್ತದೆ, ಹಾಗಾಗಿ ಅಲ್ಲಿನ ತೂಕ ಮೂಲ ಆವೃತ್ತಿಯನ್ನು ಚೆನ್ನಾಗಿ ತಗ್ಗಿಸುತ್ತದೆ. ಮುಂದಿನ ಕಂಪನದಲ್ಲಿ ನಿಶ್ಚಲ ರೇಖೆ ನಡುವಿನ ಮೂಲಕವೇ ಹಾಯುವುದರಿಂದ ತೂಕದ ಪ್ರಭಾವ ಕಡಿಮೆ. ಹೀಗೆ 1.59 ಇದ್ದ ಅನುಪಾತ ಹಿಗ್ಗಿ 2 ಆಗುತ್ತದೆ.

1920ರಲ್ಲಿ ರಾಮನ್ ಮತ್ತು ಕುಮಾರ್ ಇದನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 1934ರ ಹೊತ್ತಿಗೆ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರು. ಆ ವರ್ಷ ವಿಸ್ತಾರವಾದ ಲೇಖನ ಬಂತು. ಚರ್ಮದ ಮೇಲೆ ಮರಳು ಉದುರಿಸಿ, ಅದು ಎಲ್ಲಿ ನಿಲ್ಲುತ್ತದೆಂದು ನೋಡಿ, ಒಂಬತ್ತು ಬಗೆಯ ಕಂಪನಗಳು ಬರಿಯ ಐದು ಸ್ವರಗಳಲ್ಲಿ ಕೂಡಿಕೊಳ್ಳುವುದನ್ನು ಅವರು ತೋರಿಸಿದರು.

ತರಗತಿಯಲ್ಲಿರುವ ತೊಡಕೆಂದರೆ, ಯಾರ ಮೃದಂಗದ ಕರಣೆಯನ್ನೂ ನಾವು ಕಿತ್ತು ತೋರಿಸುವಂತಿಲ್ಲ. ಪ್ರೋಗ್ರಾಂ ಬರೆದದ್ದು ಅದಕ್ಕಾಗಿ. ಪೈಥಾನ್‌ನಲ್ಲಿ ಇಪ್ಪತ್ತೈದು ಸಾಲು, ಇಂಟರ್‌ನೆಟ್ ಬೇಡ. ಒಂದು ಪಟ್ಟಿಯಲ್ಲಿ 200, 400, 600, 800, 1000 ಹರ್ಟ್ಜ್. ಇನ್ನೊಂದರಲ್ಲಿ 200, 319, 427, 459, 531. ಪ್ರತಿ ಆವೃತ್ತಿಗೂ ಒಂದು ಸೈನ್ ಅಲೆ, ಅದರ ಪಾರ ಬೇಗ ಬೇಗ ಕುಗ್ಗಬೇಕು, ಇಲ್ಲವಾದರೆ ಪೆಟ್ಟಿನ ಬದಲು ಹಾರನ್ ಕೇಳುತ್ತದೆ. ಎಲ್ಲ ಕೂಡಿಸಿ, ಸೆಕೆಂಡಿಗೆ 44,100 ಬಿಂದುಗಳಂತೆ ಧ್ವನಿ ಕಡತಕ್ಕೆ ಬರೆದರೆ ಆಯಿತು. ಸಾಲಿನ ಮುಂದೆ ಒಂದು ಚಿಹ್ನೆ ಹಾಕಿದರೆ ಕರಣೆ ಹೋಯಿತು, ತೆಗೆದರೆ ಬಂತು. ಮೊಬೈಲ್ ಸ್ಪೀಕರ್ ಸಾಲದು. ತಗ್ಗಿನ ಆವೃತ್ತಿಗಳನ್ನು ಅದು ನುಂಗಿಬಿಡುತ್ತದೆ.

ಕಂಪ್ಯೂಟರ್ ಮೊದಲು ಬರಬಾರದು ಎಂಬುದು ನನ್ನ ಅಭಿಪ್ರಾಯ. ನಿಜವಾದ ಮೃದಂಗ ಕೇಳಿಸಿ, ಮುಟ್ಟಿಸಿ, ‘ಈ ಕಪ್ಪು ಯಾಕೆ?’ ಎಂಬ ಪ್ರಶ್ನೆ ಮಕ್ಕಳಿಂದಲೇ ಬಂದ ಮೇಲೆ ಲ್ಯಾಪ್‌ಟಾಪ್ ತೆರೆಯಬೇಕು. ಎಡಮುಖಕ್ಕೆ ಹಚ್ಚುವ ರವೆಯನ್ನಾದರೋ ತೆಗೆಯಬಹುದು, ಮತ್ತೆ ಹಚ್ಚಬಹುದು. ನುಡಿಸುವವರು ಒಪ್ಪಿದರೆ ಆ ವ್ಯತ್ಯಾಸವನ್ನು ಅಲ್ಲೇ ಕೇಳಿಸಬಹುದು.

ಇನ್ನೊಂದು ಎಚ್ಚರಿಕೆ, ಇದು ಪ್ರೋಗ್ರಾಂಗಿಂತ ದೊಡ್ಡದು. ‘ಸಂಗೀತ ಸ್ವರ’, ‘ಗದ್ದಲ’ ಎಂದು ಎರಡು ಪಟ್ಟಿ ಬರೆಸಿದರೆ ತಮಟೆ, ಡೊಳ್ಳು ಎರಡನೆಯದಕ್ಕೆ ಹೋಗಿ ಕೂರುತ್ತವೆ. ಸಖರಾಯಪಟ್ಟಣದಂಥ ಊರಿನ ತರಗತಿಯಲ್ಲಿ ತಮಟೆ ಬಾರಿಸುವವರ ಮನೆಯ ಮಗುವೂ ಅದೇ ಬೆಂಚಿನಲ್ಲಿರುತ್ತದೆ. ನನ್ನ ಎರಡನೆಯ ಪಟ್ಟಿ ಆ ಮಗುವಿಗೆ ‘ನಿಮ್ಮದು ಕೆಟ್ಟ ಶಬ್ದ’ ಎಂದು ಹೇಳಿದಂತಾಗಬಹುದು. ಪೂರ್ಣಾಂಕ ಅನುಪಾತ ಶ್ರುತಿ ಬೇಕಾದ ವಾದ್ಯದ ಅಗತ್ಯ. ಮೆರವಣಿಗೆಯಲ್ಲಿ ದೂರಕ್ಕೆ ಕೇಳಬೇಕಾದ, ಹೆಜ್ಜೆಗೆ ತಾಳ ಕೊಡಬೇಕಾದ ವಾದ್ಯದ ಅಗತ್ಯವೇ ಬೇರೆ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುವುದೂ ಶಬ್ದವಿಜ್ಞಾನವೇ: ತೇವ ಆರಿ ಚರ್ಮ ಬಿಗಿಯಾಗುತ್ತದೆ, ಆವೃತ್ತಿ ಏರುತ್ತದೆ. ಎಷ್ಟು ಕಾಯಿಸಬೇಕೆಂದು ಆ ಮಗುವಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಪಾಠದ ಈ ಭಾಗವನ್ನು ಅದರ ಬಾಯಿಂದಲೇ ಹೇಳಿಸಿ, ಆಮೇಲೆ ಪ್ರೋಗ್ರಾಂನಲ್ಲಿ 200ನ್ನು 240 ಮಾಡಿ, ಉಳಿದವನ್ನೂ ಅದೇ ಅನುಪಾತದಲ್ಲಿ ಏರಿಸಿ ಕೇಳಿಸಬಹುದು.