ಕೈ ಬಿಟ್ಟರೂ ನೆಟ್ಟಗೆ ಹಾರುವ ವಿಮಾನ

ಫ್ಲೈಟ್ ಸಿಮ್ಯುಲೇಟರಿನಲ್ಲಿ ವಿಮಾನವನ್ನು ಮೇಲೆಬ್ಬಿಸುವುದು ಸುಲಭ. ಥ್ರಾಟಲನ್ನು ಪೂರ್ತಿ ತಳ್ಳಿ, ರನ್‌ವೇಯ ನಡುಗೆರೆ ಬಿಡದಂತೆ ಓಡಿಸಿ, 55 ನಾಟ್ ವೇಗ ಬಂದಾಗ ಜಾಯ್‌ಸ್ಟಿಕ್ಕನ್ನು ತುಸು ಹಿಂದಕ್ಕೆಳೆದರೆ ಸೆಸ್ನಾ 172 ನೆಲ ಬಿಡುತ್ತದೆ. ಹೊಸಬರು ಸುಸ್ತಾಗುವುದು ಅದಾದ ಮೇಲೆ. 5500 ಅಡಿಯಲ್ಲಿ ನೆಟ್ಟಗೆ ಹೋಗೋಣ ಎಂದುಕೊಂಡಿರುತ್ತಾರೆ. ಆಲ್ಟಿಮೀಟರ್ 5700 ತೋರಿಸುತ್ತದೆ. ಮೂತಿ ತಗ್ಗಿಸಿದರೆ 5200ಕ್ಕೆ ಇಳಿಯುತ್ತದೆ, ಎತ್ತಿದರೆ 5800ಕ್ಕೆ ಹೋಗುತ್ತದೆ. ಹೀಗೇ ಏರಿಳಿದು ಮಣಿಕಟ್ಟು ನೋಯತೊಡಗಿದಾಗ ಬಹಳ ಮಂದಿ ಆಟೊಪೈಲಟ್ ಗುಂಡಿ ಒತ್ತಿಬಿಡುತ್ತಾರೆ. ವಿಮಾನ ಎಂಬ ಯಂತ್ರವನ್ನು ಒಳಗಿನಿಂದ ಅರಿಯುವ ಒಳ್ಳೆಯ ಅವಕಾಶವೊಂದು ಅಲ್ಲಿಗೆ ತಪ್ಪಿಹೋಗುತ್ತದೆ.

ನೆಟ್ಟಗೆ ಹಾರಲು ವಿಮಾನಕ್ಕೇ ಬರುತ್ತದೆ. ಯಾವ ವೇಗದಲ್ಲಿ ಹಾರಬೇಕು ಎಂದು ಅದಕ್ಕೆ ತಿಳಿಸಿ ಕೈ ತೆಗೆಯುವುದಷ್ಟೇ ಪೈಲಟ್ ಮಾಡಬೇಕಾದ ಕೆಲಸ. ಹಾಗೆ ತಿಳಿಸುವ ಸಾಧನದ ಹೆಸರು ಟ್ರಿಮ್. ತರಬೇತಿ ಶಾಲೆಗಳಲ್ಲಿ ಮೊದಮೊದಲ ಪಾಠಗಳಲ್ಲೇ ಇದು ಬರುತ್ತದೆ. ಸಿಮ್ಯುಲೇಟರಿನಲ್ಲಿ ತಾವೇ ಕಲಿಯುವವರು ಮಾತ್ರ ಇದನ್ನು ಕೊನೆಗೆ ಕಲಿಯುತ್ತಾರೆ, ಅಥವಾ ಕಲಿಯುವುದೇ ಇಲ್ಲ.

ಉದಾಹರಣೆಗೆ ಸೆಸ್ನಾ 172 ಅನ್ನೇ ತೆಗೆದುಕೊಳ್ಳೋಣ. 1956ರಲ್ಲಿ ಮಾರಾಟಕ್ಕೆ ಬಂದ ಈ ನಾಲ್ಕು ಸೀಟಿನ ವಿಮಾನ 44,000ಕ್ಕೂ ಹೆಚ್ಚು ತಯಾರಾಗಿದೆ. ಜಗತ್ತಿನಲ್ಲಿ ಇಷ್ಟು ಸಂಖ್ಯೆಯಲ್ಲಿ ತಯಾರಾದ ಇನ್ನೊಂದು ವಿಮಾನವಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ವಿಮಾನಗಳಲ್ಲೂ ಇದಿದೆ. ಬಹುತೇಕ ಎಲ್ಲ ಸಿಮ್ಯುಲೇಟರುಗಳಲ್ಲೂ ಕಲಿಯುವವರಿಗೆ ಮೊದಲು ಸಿಗುವುದು ಇದೇ.

ಎತ್ತಿನಗಾಡಿಗೆ ಹೊರೆ ಹೇರಿದವರಿಗೆ ವಿಮಾನದ ಸಮತೋಲ ಬೇಗ ಅರ್ಥವಾಗುತ್ತದೆ. ಅಚ್ಚಿಗಿಂತ ಮುಂದೆ ಹೊರೆ ಹೆಚ್ಚಾದರೆ ಗಾಡಿ ಮುಂಭಾರವಾಗಿ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂದುಗಡೆ ಒಬ್ಬ ಆಳು ಕೂತರೆ ಸಮವಾಗುತ್ತದೆ. ವಿಮಾನದಲ್ಲಿ ಅಚ್ಚಿನ ಜಾಗದಲ್ಲಿರುವುದು ರೆಕ್ಕೆ. ಎಂಜಿನ್, ಪೈಲಟ್, ಪ್ರಯಾಣಿಕರು, ಇಂಧನ ಎಲ್ಲ ಸೇರಿದ ಭಾರದ ಕೇಂದ್ರ ರೆಕ್ಕೆಯ ಎತ್ತುಬಲದ ಕೇಂದ್ರಕ್ಕಿಂತ ತುಸು ಮುಂದೆ ಬೀಳುವಂತೆ ವಿನ್ಯಾಸ ಮಾಡಿರುತ್ತಾರೆ. ಹಾಗಾಗಿ ವಿಮಾನ ಯಾವಾಗಲೂ ಮುಂಭಾರ. ಮೂತಿ ಕೆಳಗೆ ಬೀಳದಂತೆ ಬಾಲದ ಅಡ್ಡರೆಕ್ಕೆ ಗಾಳಿಯ ಬಲದಿಂದ ಹಿಂಬದಿಯನ್ನು ಕೆಳಕ್ಕೆ ಒತ್ತಿ ಹಿಡಿದಿರುತ್ತದೆ. ಗಾಡಿಯ ಹಿಂದೆ ಕೂತ ಆಳಿನ ತೂಕ ಬದಲಾಗುವುದಿಲ್ಲ. ಬಾಲದ ಒತ್ತು ಹಾಗಲ್ಲ, ಅದು ವೇಗಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತದೆ.

ಇಡೀ ಸೊಗಸು ಇರುವುದು ಈ ಒಂದು ವ್ಯತ್ಯಾಸದಲ್ಲಿ. ಯಾವುದೋ ಕಾರಣಕ್ಕೆ ವೇಗ ಕಡಿಮೆಯಾಯಿತು ಅನ್ನಿ. ಬಾಲದ ಒತ್ತು ಕುಗ್ಗುತ್ತದೆ, ಮೂತಿ ತಾನಾಗಿ ಬಾಗುತ್ತದೆ, ವಿಮಾನ ಇಳಿಜಾರಿಗೆ ಬಿದ್ದು ವೇಗ ಕೂಡಿಸಿಕೊಳ್ಳುತ್ತದೆ. ವೇಗ ಹೆಚ್ಚಾದರೆ ಬಾಲ ಜೋರಾಗಿ ಒತ್ತುತ್ತದೆ, ಮೂತಿ ಏಳುತ್ತದೆ, ಏರುವ ಶ್ರಮದಲ್ಲಿ ವೇಗ ಇಳಿಯುತ್ತದೆ. ಯಾರೂ ಕೈ ಹಾಕದೆಯೇ ವಿಮಾನ ತನ್ನ ವೇಗಕ್ಕೆ ಮರಳುತ್ತದೆ. ಭಾರದ ಕೇಂದ್ರ ಹಿಂದಕ್ಕೆ ಸರಿದಷ್ಟೂ ಈ ಗುಣ ಕ್ಷೀಣಿಸುತ್ತದೆ, ಒಂದು ಮಿತಿ ದಾಟಿದರೆ ಪೂರ್ತಿ ಇಲ್ಲವಾಗುತ್ತದೆ. ಸಣ್ಣ ವಿಮಾನಗಳಲ್ಲೂ ಹಾರುವ ಮೊದಲು ಯಾರು ಎಲ್ಲಿ ಕೂರಬೇಕು, ಸಾಮಾನು ಎಷ್ಟಿರಬೇಕು ಎಂದು ಲೆಕ್ಕ ಹಾಕುವುದು ಈ ಕಾರಣಕ್ಕೆ.

ಆ ‘ತನ್ನ ವೇಗ’ ಎಷ್ಟು ಎಂಬುದನ್ನು ನಿರ್ಧರಿಸುವುದು ಟ್ರಿಮ್. ಸೆಸ್ನಾದಲ್ಲಿ ಥ್ರಾಟಲ್‌ನ ಕೆಳಗೆ, ಎರಡು ಸೀಟುಗಳ ನಡುವಿನ ಗೂಡಿನಲ್ಲಿ, ಒಂದು ಕಪ್ಪು ಚಕ್ರ ಅರ್ಧ ಹೊರಗೆ ಚಾಚಿಕೊಂಡಿರುತ್ತದೆ. ಬೆರಳು ಜಾರದಂತೆ ಅದರ ಅಂಚಿನಲ್ಲಿ ಉಬ್ಬುಗಳಿವೆ. ಪಕ್ಕದ ಸೀಳಿನಲ್ಲೊಂದು ಸೂಚಕ, ಟೇಕಾಫ್ ಹೊತ್ತಿಗೆ ಅದು ಎಲ್ಲಿರಬೇಕು ಎಂಬ ಗುರುತು. ಚಕ್ರಕ್ಕೆ ಜೋಡಿಸಿದ ಸರಪಳಿ ಮತ್ತು ಉಕ್ಕಿನ ಕೇಬಲ್‌ಗಳು ವಿಮಾನದ ಉದ್ದಕ್ಕೂ ಸಾಗಿ ಬಾಲ ಸೇರುತ್ತವೆ. ಅಲ್ಲಿ, ಅಡ್ಡರೆಕ್ಕೆಯ ಹಿಂದೆ ಮೇಲೆಕೆಳಗೆ ಆಡುವ ಪಟ್ಟಿಯಾದ ಎಲಿವೇಟರಿನ ಬಲಭಾಗದ ಹಿಂದಂಚಿನಲ್ಲಿ, ಕೀಲಿನ ಮೇಲೆ ತಿರುಗುವ ಸಣ್ಣ ಪಟ್ಟಿಯೊಂದಿದೆ. ಚಕ್ರವನ್ನು ಹಿಂದಕ್ಕೆ ಹೊರಳಿಸಿದರೆ ಆ ಪಟ್ಟಿ ಕೆಳಕ್ಕೆ ಬಾಗುತ್ತದೆ. ಗಾಳಿ ಅದನ್ನು ತಳ್ಳಿದಾಗ ಇಡೀ ಎಲಿವೇಟರ್ ಮೇಲೇಳುತ್ತದೆ. ಬಾಲದ ಒತ್ತು ಹೆಚ್ಚಿ ಮೂತಿ ಏಳುತ್ತದೆ. ಮುಂದಕ್ಕೆ ಹೊರಳಿಸಿದರೆ ಇದೆಲ್ಲ ತಿರುವುಮುರುವು. ದೊಡ್ಡ ಪಟ್ಟಿಯನ್ನು ಚಿಕ್ಕ ಪಟ್ಟಿಯಿಂದ, ಗಾಳಿಯ ಬಲದಲ್ಲೇ ತಿರುಗಿಸುವ ಈ ಉಪಾಯಕ್ಕೆ ಜರ್ಮನಿಯ ಎಂಜಿನಿಯರ್ ಆಂಟನ್ ಫ್ಲೆಟ್ನರ್ ಅವರ ಹೆಸರು ಅಂಟಿಕೊಂಡಿದೆ.

ಕಲಿಯುವವರು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಬೇಕಾದ ಸಂಗತಿ ಇದು: ಟ್ರಿಮ್ ಹಿಡಿದಿಡುವುದು ವೇಗವನ್ನು. ಎತ್ತರದ ಗೊಡವೆ ಅದಕ್ಕಿಲ್ಲ. 100 ನಾಟ್‌ಗೆ ಟ್ರಿಮ್ ಮಾಡಿದ ವಿಮಾನದಲ್ಲಿ ಥ್ರಾಟಲ್ ಹೆಚ್ಚಿಸಿದರೆ ಅದು ವೇಗವಾಗಿ ಓಡುವ ಬದಲು ಹೆಚ್ಚುಕಡಿಮೆ ಅದೇ 100 ನಾಟ್‌ನಲ್ಲಿ ಏರತೊಡಗುತ್ತದೆ. ಥ್ರಾಟಲ್ ಇಳಿಸಿದರೆ ಅದೇ ವೇಗದಲ್ಲಿ ಇಳಿಯುತ್ತದೆ. ಕಾರು, ಬೈಕು ಓಡಿಸಿ ರೂಢಿಯಾದವರಿಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟ. ಒಪ್ಪಿಕೊಂಡ ಮೇಲೆ ಉಳಿದದ್ದೆಲ್ಲ ಸಲೀಸು.

ಹಾಗಾದರೆ ಆ ಏರಿಳಿತ ಎಲ್ಲಿಂದ ಬರುತ್ತದೆ? ಸಾಮಾನ್ಯವಾಗಿ ಆಗುವುದು ಹೀಗೆ. ಸೆಸ್ನಾ 75 ನಾಟ್ ಆಸುಪಾಸಿನಲ್ಲಿ ಏರುತ್ತಿರುತ್ತದೆ. 5500 ಅಡಿ ಮುಟ್ಟಿದ ಕೂಡಲೇ ಕಲಿಯುವವರು ಮೂತಿ ತಗ್ಗಿಸಿ, ಅವಸರದಲ್ಲಿ ಟ್ರಿಮ್ ಹೊರಳಿಸಿ, ಕೈ ಬಿಡುತ್ತಾರೆ. ವಿಮಾನಕ್ಕಿನ್ನೂ ಸಮತಲ ಹಾರಾಟದ ವೇಗವೇ ಬಂದಿಲ್ಲ. 80 ಇದ್ದದ್ದು 90 ಆಗುತ್ತದೆ, ಬಾಲದ ಒತ್ತು ಹೆಚ್ಚುತ್ತದೆ, ಮೂತಿ ಮತ್ತೆ ಏಳುತ್ತದೆ. ಅದನ್ನು ಸರಿಪಡಿಸಲು ಏರಿಳಿತ ಸೂಚಕದ ಮುಳ್ಳು ನೋಡಿಕೊಂಡು ಜಾಯ್‌ಸ್ಟಿಕ್ ತಳ್ಳುತ್ತಾರೆ. ಆ ಮುಳ್ಳನ್ನು ನಂಬಿ ಕೂತರೆ ಕೆಟ್ಟಂತೆಯೇ. ಉಪಕರಣದೊಳಗಿನ ಗಾಳಿ ಒಂದು ಸಣ್ಣ ರಂಧ್ರದ ಮೂಲಕ ನಿಧಾನವಾಗಿ ಸೋರುವಾಗ ಉಂಟಾಗುವ ಒತ್ತಡದ ವ್ಯತ್ಯಾಸವನ್ನು ಅದು ತೋರಿಸುತ್ತದೆ. ಹಾಗಾಗಿ ಅದು ಹೇಳುವುದು ಕೆಲವು ಸೆಕೆಂಡುಗಳ ಹಿಂದಿನ ಸುದ್ದಿ. ಒಳ್ಳೆಯ ಸಿಮ್ಯುಲೇಟರುಗಳು ಈ ವಿಳಂಬವನ್ನೂ ನಿಷ್ಠೆಯಿಂದ ಅನುಕರಿಸುತ್ತವೆ.

ಇದರ ಜೊತೆಗೆ ವಿಮಾನಕ್ಕೆ ಅದರದ್ದೇ ಒಂದು ನಿಧಾನವಾದ ತೂಗಾಟವಿದೆ. ವೇಗಕ್ಕೆ ಮರಳುವಾಗ ಅದು ಒಮ್ಮೆಗೇ ನಿಲ್ಲುವುದಿಲ್ಲ. ತುಸು ಇಳಿದು, ತುಸು ಏರಿ, ಒಂದೊಂದು ಸುತ್ತಿಗೂ ಕಡಿಮೆಯಾಗುತ್ತ ಬರುತ್ತದೆ. ಕಾರು ತಯಾರಕರೂ ಆಗಿದ್ದ ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲಾಂಚೆಸ್ಟರ್ ಇದಕ್ಕೆ ಫ್ಯೂಗಾಯ್ಡ್ ಎಂದು ಹೆಸರಿಟ್ಟು, 1908ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಗಣಿತ ಸಹಿತ ವಿವರಿಸಿದರು. ಅವರ ಸೂತ್ರದ ಪ್ರಕಾರ ಒಂದು ಸುತ್ತಿನ ಅವಧಿ ವಿಮಾನದ ತೂಕವನ್ನಾಗಲಿ ಆಕಾರವನ್ನಾಗಲಿ ಅವಲಂಬಿಸಿಲ್ಲ, ವೇಗವೊಂದೇ ಸಾಕು: 100 ನಾಟ್‌ಗೆ ಸುಮಾರು 23 ಸೆಕೆಂಡು. ನಿಜ ವಿಮಾನಗಳಲ್ಲಿ ಇದು ತುಸು ಆಚೀಚೆ ಆಗುವುದುಂಟು. ತಾನಾಗಿ ಅಡಗಬೇಕಾದ ಈ ತೂಗಾಟದ ನಡುವೆ, ತಡವಾಗಿ ಬರುವ ಮುಳ್ಳಿನ ಮಾತು ಕೇಳಿ ನಾವು ಕೈ ಹಾಕಿದರೆ ಅದು ಅಡಗುವ ಬದಲು ಬೆಳೆಯುತ್ತದೆ. ಮಣಿಕಟ್ಟು ನೋಯಿಸಿದ ಅಪರಾಧಿ ನಮ್ಮದೇ ಅವಸರ.

ಸರಿಯಾದ ಕ್ರಮದಲ್ಲಿ ಅವಸರಕ್ಕೆ ಜಾಗವಿಲ್ಲ. ನಿಮಿಷಕ್ಕೆ 500 ಅಡಿಯಂತೆ ಏರುತ್ತಿದ್ದರೆ ಅದರ ಹತ್ತನೇ ಒಂದು ಭಾಗ, ಅಂದರೆ 50 ಅಡಿ ಮೊದಲೇ ಮೂತಿ ತಗ್ಗಿಸಲು ಶುರು ಮಾಡಬೇಕು. ಕಣ್ಣು ಕಿಟಕಿಯಾಚೆಯ ದಿಗಂತದ ಮೇಲಿರಲಿ. ಎಂಜಿನ್ನಿನ ಮುಚ್ಚಳಕ್ಕೂ ದಿಗಂತಕ್ಕೂ ನಡುವಿನ ಅಂತರವನ್ನು ಗುರುತಿಟ್ಟುಕೊಂಡು, ಅದು ಬದಲಾಗದಂತೆ ಜಾಯ್‌ಸ್ಟಿಕ್ಕನ್ನು ಮುಂದಕ್ಕೆ ಒತ್ತಿ ಹಿಡಿಯಿರಿ. ಥ್ರಾಟಲ್ ಮುಟ್ಟಬೇಡಿ, ವೇಗ ಏರಲು ಬಿಡಿ. 100 ನಾಟ್ ದಾಟಿದ ಮೇಲೆ ಎಂಜಿನ್ನನ್ನು ನಿಮಿಷಕ್ಕೆ 2300 ಸುತ್ತುಗಳ ಸುಮಾರಿಗೆ ಇಳಿಸಿ. ವೇಗದ ಮುಳ್ಳು ನಿಂತಿತೇ ಎಂದು ನೋಡಿ. ಅದು ನಿಂತ ಮೇಲಷ್ಟೇ ಟ್ರಿಮ್. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನಲ್ಲಾದರೆ ಕೀಬೋರ್ಡಿನ ನಂಬರ್ ಪ್ಯಾಡಿನ 7 ಒತ್ತಿದರೆ ಮೂತಿ ಕೆಳಕ್ಕೆ, 1 ಒತ್ತಿದರೆ ಮೇಲಕ್ಕೆ. ಒಂದೊಂದೇ ಸಲ ಒತ್ತಿ, ಪರಿಣಾಮ ನೋಡಿ, ಮತ್ತೆ ಒತ್ತಬೇಕು. ಟ್ರಿಮ್ಮಿನಿಂದ ವಿಮಾನ ಓಡಿಸಲು ಹೋಗಬಾರದು. ಮೊದಲು ಕೈಯಿಂದ ಹಿಡಿದು ನಿಲ್ಲಿಸಿ, ಆಮೇಲೆ ಕೈಯ ಭಾರವನ್ನು ಟ್ರಿಮ್ಮಿಗೆ ದಾಟಿಸಬೇಕು.

ಈ ದಾಟಿಸುವಿಕೆಯಲ್ಲೇ ಸಿಮ್ಯುಲೇಟರಿನ ದೊಡ್ಡ ಕೊರತೆ ಕಾಣುವುದು. ನಿಜವಾದ ಸೆಸ್ನಾದಲ್ಲಿ ಹಿಡಿಕೆಯನ್ನು ಒತ್ತಿ ಹಿಡಿದು ಚಕ್ರ ಹೊರಳಿಸುತ್ತ ಹೋದಂತೆ ಹಿಡಿಕೆ ಇದ್ದಲ್ಲೇ ಇರುತ್ತದೆ, ಅಂಗೈಗೆ ತಾಗುವ ಒತ್ತಡ ಮಾತ್ರ ಕರಗುತ್ತ ಬರುತ್ತದೆ. ಒತ್ತಡ ಸೊನ್ನೆಯಾದಾಗ ಟ್ರಿಮ್ ಮುಗಿಯಿತೆಂದು ಕೈಗೇ ತಿಳಿಯುತ್ತದೆ. ಮೇಜಿನ ಮೇಲಿನ ಜಾಯ್‌ಸ್ಟಿಕ್ಕಿನಲ್ಲಿರುವುದು ಸ್ಪ್ರಿಂಗು. ಅದು ಸದಾ ನಡುವಿಗೇ ಎಳೆಯುತ್ತದೆ, ಗಾಳಿಯ ಸುದ್ದಿ ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಟ್ರಿಮ್ ಒತ್ತಿದಷ್ಟೂ ಜಾಯ್‌ಸ್ಟಿಕ್ಕನ್ನು ಸ್ವಲ್ಪ ಸ್ವಲ್ಪವೇ ನಡುವಿಗೆ ಬಿಟ್ಟುಕೊಡುತ್ತ ಬರಬೇಕು. ಎರಡೂ ಒಟ್ಟಿಗೆ ಸಾಗಬೇಕು. ಹಿಡಿದಲ್ಲೇ ಹಿಡಿದರೆ ಒತ್ತು ಎರಡು ಪಟ್ಟಾಗುತ್ತದೆ, ಒಮ್ಮೆಲೇ ಬಿಟ್ಟರೆ ಮೂತಿ ಹಾರಿಬೀಳುತ್ತದೆ. ಕೈಗೆ ಸಿಗಬೇಕಾದ ತಿಳಿವಳಿಕೆಯನ್ನು ಇಲ್ಲಿ ಕಣ್ಣಿನಿಂದ ಪಡೆಯಬೇಕು.

ಹಾಗೆಂದು ಸಿಮ್ಯುಲೇಟರನ್ನು ಹಗುರವಾಗಿ ಕಾಣುವಂತಿಲ್ಲ. ಅಮೆರಿಕದ ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ಅಪ್ಪನ ಪಿಯಾನೊ, ಆರ್ಗನ್ ಕಾರ್ಖಾನೆಯಲ್ಲಿ ಕೆಲಸ ಕಲಿತಿದ್ದ ಎಡ್ವಿನ್ ಲಿಂಕ್, ಆರ್ಗನ್ನಿನ ತಿದಿಗಳನ್ನೇ ಬಳಸಿ ಅಲುಗಾಡುವ ತರಬೇತಿ ಪೆಟ್ಟಿಗೆಯನ್ನು ರೂಪಿಸಿದ್ದು 1929ರಲ್ಲಿ. ಕೊಂಡವರು ಕಡಿಮೆ. 1934ರಲ್ಲಿ ಅಂಚೆ ಸಾಗಿಸುವ ಹೊಣೆ ಹೊತ್ತ ಅಮೆರಿಕದ ಸೇನೆ ಕೆಟ್ಟ ಹವೆಯಲ್ಲಿ ಪೈಲಟ್‌ಗಳನ್ನು ಕಳೆದುಕೊಂಡ ಮೇಲೆಯೇ ಅದರ ಬೆಲೆ ತಿಳಿದದ್ದು. ಹೊರಗೆ ಏನೂ ಕಾಣದಾಗ ಉಪಕರಣಗಳನ್ನು ನೋಡಿ ನೆಟ್ಟಗೆ ಹಾರುವುದನ್ನು ಎರಡನೇ ಮಹಾಯುದ್ಧದ ಲಕ್ಷಾಂತರ ಪೈಲಟ್‌ಗಳು ಆ ಪೆಟ್ಟಿಗೆಯಲ್ಲಿ ಕಲಿತರು.

ಆದರೆ ಸಿಮ್ಯುಲೇಟರಿನ ಕೊರತೆ ಎಷ್ಟು ದುಬಾರಿಯಾಗಬಲ್ಲದು ಎಂಬುದೂ ನಮ್ಮ ಕಾಲದಲ್ಲೇ ಗೊತ್ತಾಗಿದೆ. ಬೋಯಿಂಗ್ 737 ಮ್ಯಾಕ್ಸ್ ವಿಮಾನದ ಎಂಕ್ಯಾಸ್ ಎಂಬ ತಂತ್ರಾಂಶ, ಸಂವೇದಕವೊಂದರ ತಪ್ಪು ಮಾಹಿತಿ ನಂಬಿ ಮೂತಿಯನ್ನು ಕೆಳಕ್ಕೆ ಟ್ರಿಮ್ ಮಾಡುತ್ತಲೇ ಹೋಯಿತು. 2018ರ ಅಕ್ಟೋಬರಿನಲ್ಲಿ ಇಂಡೊನೇಷ್ಯಾದಲ್ಲಿ, 2019ರ ಮಾರ್ಚಿನಲ್ಲಿ ಇಥಿಯೋಪಿಯಾದಲ್ಲಿ ವಿಮಾನ ಬಿದ್ದು, ಒಟ್ಟು 346 ಜನ ಸತ್ತರು. ಇಥಿಯೋಪಿಯಾದ ಪೈಲಟ್‌ಗಳು ವಿದ್ಯುತ್ ಟ್ರಿಮ್ ಕಡಿತಗೊಳಿಸಿ ಚಕ್ರವನ್ನು ಕೈಯಿಂದ ತಿರುಗಿಸಲು ನೋಡಿದರು. ಆ ಅತಿವೇಗದಲ್ಲಿ ಬಾಲದ ಮೇಲಿದ್ದ ಗಾಳಿಯ ಒತ್ತಡಕ್ಕೆ ಚಕ್ರ ಜಗ್ಗಲಿಲ್ಲ. ಮ್ಯಾಕ್ಸ್ ಸಿಮ್ಯುಲೇಟರುಗಳ ತಂತ್ರಾಂಶ ಕೆಲವು ಸ್ಥಿತಿಗಳನ್ನು ಸರಿಯಾಗಿ ಅನುಕರಿಸುತ್ತಿರಲಿಲ್ಲ ಎಂದು ಬೋಯಿಂಗ್ ಒಪ್ಪಿಕೊಂಡಿದ್ದು 2019ರ ಮೇ ತಿಂಗಳಲ್ಲಿ. ಚಕ್ರ ತಿರುಗಿಸಲು ಎಷ್ಟು ಬಲ ಬೇಕು ಎಂಬುದೂ ಅದರಲ್ಲಿ ಸೇರಿತ್ತು. ಟ್ರಿಮ್ಮಿನ ಪಾಠವನ್ನು ಕಡೆಗಣಿಸಬಾರದು ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಎಲ್ಲ ವಿಮಾನಗಳೂ ತಾವಾಗಿ ನೆಟ್ಟಗಾಗುವುದಿಲ್ಲ. ನಮ್ಮ ತೇಜಸ್ ಅನ್ನು ಬೇಕೆಂದೇ ಅಸ್ಥಿರವಾಗಿ ರೂಪಿಸಿದ್ದಾರೆ. ಅದಕ್ಕೆ ಬಾಲದ ಅಡ್ಡರೆಕ್ಕೆಯೇ ಇಲ್ಲ. ಚುರುಕಾಗಿ ತಿರುಗಬೇಕಾದ ಯುದ್ಧವಿಮಾನಕ್ಕೆ ಸೆಸ್ನಾದ ಸ್ಥಿರತೆ ಅಡ್ಡಿ. ಅದನ್ನು ನೆಟ್ಟಗೆ ಹಿಡಿಯುವುದು ಕಂಪ್ಯೂಟರಿನ ಎಡೆಬಿಡದ ತಿದ್ದುಪಡಿ. ಆ ಹಿಡಿತದ ಸೂತ್ರಗಳನ್ನು ಬೆಂಗಳೂರಿನ ಎಂಜಿನಿಯರುಗಳು, ಪರೀಕ್ಷಾ ಪೈಲಟ್‌ಗಳು ಸಿಮ್ಯುಲೇಟರುಗಳಲ್ಲಿ ತಿದ್ದಿ ತೀಡಿದ ಮೇಲೆಯೇ 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಎಚ್ಎಎಲ್ ನಿಲ್ದಾಣದಿಂದ ಅದನ್ನು ಮೊದಲ ಸಲ ಹಾರಿಸಿದ್ದು.

ಮತ್ತೆ ಸೆಸ್ನಾಕ್ಕೆ ಬಂದರೆ, ಎಡಬಲದ ವಿಷಯ ಚಿಕ್ಕದು. ಸೆಸ್ನಾದ ಟ್ರಿಮ್ ಚಕ್ರ ಮೂತಿಯ ಏರಿಳಿತವನ್ನಷ್ಟೇ ನೋಡಿಕೊಳ್ಳುತ್ತದೆ. ರೆಕ್ಕೆ ಒಂದು ಕಡೆ ವಾಲಿದರೆ ನೀವೇ ಎತ್ತಬೇಕು. ತುಂಬ ವಾಲುತ್ತಿದ್ದರೆ ಮೊದಲು ಜಾಯ್‌ಸ್ಟಿಕ್ ಸರಿಯಾಗಿ ನಡುವಿಗೆ ನಿಲ್ಲುತ್ತಿದೆಯೇ ಎಂದು ಸೆಟ್ಟಿಂಗಿನಲ್ಲಿ ಪರೀಕ್ಷಿಸಿ.

ಫ್ಲೈಟ್‌ಗಿಯರ್ ಎಂಬ ಸಿಮ್ಯುಲೇಟರ್ ಪೂರ್ತಿ ಉಚಿತ, ಮುಕ್ತ ತಂತ್ರಾಂಶ; ಅದರಲ್ಲೂ ಸೆಸ್ನಾ 172 ಇದೆ. ಪಿಯು ಕಾಲೇಜುಗಳ ಭೌತಶಾಸ್ತ್ರದ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಬಲಗಳ ಸಮತೋಲದ ಪಾಠ ಬಂದಾಗ ಇದನ್ನೊಮ್ಮೆ ತರಗತಿಗೆ ತನ್ನಿ. ಗಾಳಿಯಿಲ್ಲದ ತಿಳಿ ಹವೆ ಆರಿಸಿ, 5500 ಅಡಿಯಲ್ಲಿ ವಿಮಾನವನ್ನು ಟ್ರಿಮ್ ಮಾಡಿ ಕೈ ತೆಗೆಯಿರಿ. ಆಮೇಲೆ ಥ್ರಾಟಲನ್ನು ಮಾತ್ರ 200 ಸುತ್ತು ಇಳಿಸಿದರೆ ವೇಗ ಏನಾಗುತ್ತದೆ, ಎತ್ತರ ಏನಾಗುತ್ತದೆ ಎಂದು ಮಕ್ಕಳನ್ನು ಮೊದಲೇ ಕೇಳಿ, ಬರೆದುಕೊಳ್ಳಲು ಹೇಳಿ. ಉತ್ತರವನ್ನು ವಿಮಾನವೇ ಕೊಡಲಿ.