ಮೂರು ಆ್ಯಪ್, ಒಬ್ಬ ಪೇಷೆಂಟ್

ನಮ್ಮಲ್ಲಿ ಸುಮಾರು ಜನರ ಮನೇಲಿ ಶುಗರ್, ಬಿಪಿ ಇರೋ ಅಜ್ಜಿನೋ ತಾತನೋ ಇರ್ತಾರೆ. ಗ್ಲುಕೋಮೀಟರ್‌ಗೆ ಒಂದು ಆ್ಯಪ್, ಬಿಪಿ ಮಷೀನ್‌ಗೆ ಇನ್ನೊಂದು, ಲ್ಯಾಬ್ ರಿಪೋರ್ಟಿಗೆ ಮತ್ತೊಂದು. ಆದ್ರೆ ಡಾಕ್ಟರ್ ಹತ್ರ ಹೋಗುವಾಗ ಕೈಯಲ್ಲಿರೋದು ಅದೇ ಹಳೇ ಪ್ಲಾಸ್ಟಿಕ್ ಕವರ್, ಅದರ ತುಂಬ ಚೀಟಿಗಳು. ಡೇಟಾ ಇದೆ, ನೋಡಬೇಕಾದವರಿಗೆ ಸಿಗಲ್ಲ. ಇವನ್ನೆಲ್ಲ ಜೋಡಿಸೋಕೆ ಏನೇನು ಬೇಕು?

ಮೊದಲನೇದು, ಒಂದೇ ಭಾಷೆ. ಶುಗರ್ ರೀಡಿಂಗ್ 7 ಅಂತ ಬಂತು ಅಂದ್ಕೊಳ್ಳಿ. ಬ್ರಿಟನ್‌ನಲ್ಲಿ ಬಳಸುವ ಮಿಲಿಮೋಲ್ ಲೆಕ್ಕದ 7, ನಮ್ಮ ಮಿಲಿಗ್ರಾಂ ಲೆಕ್ಕದಲ್ಲಿ ಸುಮಾರು 126. ಅದೇ 126 ಖಾಲಿ ಹೊಟ್ಟೆಯಲ್ಲಿ ಬಂದ್ರೆ ಡಯಾಬಿಟಿಸ್ ಗಡಿ, ಊಟ ಆದ್ಮೇಲೆ ಬಂದ್ರೆ ಚಿಂತೆ ಇಲ್ಲ. ಅಂದ್ರೆ ಬರೀ ನಂಬರ್ ಕಳಿಸಿದ್ರೆ ಸಾಲದು. ಅದಕ್ಕೇ ಎಫ್‌ಎಚ್‌ಐಆರ್ ಅನ್ನೋ ಸ್ಟ್ಯಾಂಡರ್ಡ್ ಇದೆ. ಅದರಲ್ಲಿ ಒಂದೊಂದು ರೀಡಿಂಗ್ ಜೊತೆಗೂ ಯಾರದ್ದು, ಯಾವುದರದ್ದು, ಯಾವಾಗಿನದು, ಯೂನಿಟ್ ಏನು ಅಂತ ಬರೆಯೋಕೆ ಜಾಗ ಇರುತ್ತೆ. ಮಷೀನ್ ಯಾವ ಕಂಪನಿಯದಾದ್ರೂ ಮೇಲಿನ ಬಿಪಿಗೆ ಲಾಯಿಂಕ್ ಕೋಡ್ ಒಂದೇ: 8480-6.

ಎರಡನೇದು, ಗುರುತು ಮತ್ತು ಒಪ್ಪಿಗೆ. 2021ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ ಪೇಷೆಂಟ್‌ಗೆ 14 ಅಂಕಿಯ ಆಭಾ ನಂಬರ್ ಕೊಡ್ತಾರೆ. ದಾಖಲೆಗಳನ್ನೆಲ್ಲ ತಂದು ಒಂದೇ ಸರ್ವರ್‌ನಲ್ಲಿ ಸುರಿಯಲ್ಲ. ಅವು ಆಯಾ ಆಸ್ಪತ್ರೆ, ಲ್ಯಾಬ್‌ನಲ್ಲೇ ಇರ್ತವೆ. ಯಾವ ದಾಖಲೆ, ಎಷ್ಟು ದಿನದವರೆಗೆ ಅಂತ ಪೇಷೆಂಟ್ ಒಪ್ಪಿದ ಮೇಲಷ್ಟೇ ಡಾಕ್ಟರ್‌ಗೆ ಹೋಗ್ತವೆ. ಕೊಟ್ಟ ಒಪ್ಪಿಗೆಯನ್ನ ವಾಪಸ್ ತಗೋಬಹುದು ಕೂಡ.

ಕೇಳೋಕೆ ಚೆನ್ನಾಗಿದೆ. ಆದ್ರೆ ಎಷ್ಟೋ ಮನೆಗಳಲ್ಲಿ ಓಟಿಪಿ ಬರೋದು ಮೊಮ್ಮಗನ ಫೋನಿಗೆ. ಒಪ್ಪಿಗೆ ಅಜ್ಜಿಯ ಹೆಸರಲ್ಲಿ, ಒತ್ತೋ ಬೆರಳು ಇವನದು. ಏನು ಒಪ್ತಿದ್ದೀವಿ ಅನ್ನೋದು ಅಜ್ಜಿಗೆ ಕನ್ನಡದಲ್ಲಿ, ಬೇಕಾದ್ರೆ ಓದಿ ಹೇಳೋ ಧ್ವನಿಯಲ್ಲಿ ಗೊತ್ತಾಗದಿದ್ರೆ ಅದನ್ನ ಒಪ್ಪಿಗೆ ಅನ್ನೋಕಾಗುತ್ತಾ?

ಮೂರನೇದು, ಆ ಕಡೆ ಒಬ್ಬ ಮನುಷ್ಯ. ರಾತ್ರಿ 2 ಗಂಟೆಗೆ ಬಿಪಿ 190 ಅಂತ ಅಲರ್ಟ್ ಹೋಯ್ತು. ನೋಡೋರು ಯಾರು? ನರ್ಸಾ, ಡಾಕ್ಟರಾ, ಮನೆಯವರಾ? ಇದನ್ನ ಮೊದಲೇ ಗೊತ್ತು ಮಾಡದಿದ್ರೆ ಅದು ಇನ್ನೊಂದು ನೋಟಿಫಿಕೇಶನ್ ಅಷ್ಟೇ. ಸಣ್ಣಪುಟ್ಟದ್ದಕ್ಕೆಲ್ಲ ಅಲರ್ಟ್ ಹೊಡೆದ್ರೆ ನಿಜವಾದದ್ದನ್ನೂ ಯಾರೂ ನೋಡಲ್ಲ.

ಮಿನಿ ಪ್ರಾಜೆಕ್ಟ್‌ಗೆ ಹೆಲ್ತ್ ಆ್ಯಪ್ ಮಾಡೋರು ನಮ್ಮಲ್ಲಿ ತುಂಬ ಜನ. ನಾಲ್ಕನೇ ಆ್ಯಪ್ ಮಾಡೋಕೆ ಮುಂಚೆ ಈಗಿರೋ ಮೂರು ಮಾತಾಡ್ಕೊಳ್ಳೋ ಹಾಗೆ ಮಾಡೋಕಾಗುತ್ತಾ ನೋಡಿ. ಪ್ಲಾಸ್ಟಿಕ್ ಕವರ್‌ಗೆ ರಜೆ ಸಿಗೋದು ಆಗಲೇ.